ಮಸ್ಕತ್ತಿನಲ್ಲಿ ಕರೆಂಟ್ ಹೋದದ್ದು

ಹುಡುಗಿಯ ಜೊತೆ ವಿದೇಶಕ್ಕೆ ಯಾರು ಹೋಗುವುದು ಎಂಬ ಪ್ರಶ್ನೆ ಬಂದಾಗ ಸಾಹುಕಾರರು ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತೂ ಯೋಚಿಸಲಿಲ್ಲ. "ರೈಟ್ರು ಹೋಗ್ಲಿ" ಎಂದರು.

ರೈಟರ್ ಎಂದರೆ ಕಥೆ ಕವನ ಬರೆಯುವವನು ಎಂದುಕೊಳ್ಳುವವರು ಬಯಲುಸೀಮೆಯವರು. ನಮ್ಮ ಕಡೆ ಎಸ್ಟೇಟಿನಲ್ಲಿ ಬೆಳಗ್ಗೆ ಆಳುಗಳ ಹಾಜರಿ ಕೂಗುವವನು, ಗೊಬ್ಬರ ಅಳೆದು ಕೊಡುವವನು, ಸ್ಟೋರಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಭೀರವಾಗಿ ಓಡಾಡುವವನು ರೈಟರ್. ಸಂಗೀತಕ್ಕೂ ನನಗೂ ಇದ್ದ ಸಂಬಂಧವೆಂದರೆ ಆಳುಗಳ ಮನೆಸಾಲಿನ, ಅಂದರೆ ಲೈನಿನ, ಮುಂದೆ ಮರಕ್ಕೆ ತೂಗುಬಿಟ್ಟಿದ್ದ ರೈಲುಕಂಬಿಯ ತುಂಡು. ಅದನ್ನು ದಿನಾ ಬೆಳಗ್ಗೆ ನಾನೇ ಬಾರಿಸುತ್ತಿದ್ದೆ. ಕೇಳಿದವರು ಯಾರೂ ಇನ್ನೊಮ್ಮೆ ಬಾರಿಸಿ ಎಂದದ್ದಿಲ್ಲ.

ಹುಡುಗಿ ಎಂದರೆ ಸಾಹುಕಾರರ ಮಗಳು. ಬೆಂಗಳೂರಿನಲ್ಲಿ ಓದುತ್ತ ಹಾಡುತ್ತ, ಓದು ಮುಗಿದ ಮೇಲೂ ಹಾಡುತ್ತಲೇ ಇದ್ದು, ಒಂದು ಕ್ಯಾಸೆಟ್ ಮಾಡಿದಳು. ಅದು ಭಾವಗೀತೆಯಲ್ಲ, ಸಿನಿಮಾ ಹಾಡೂ ಅಲ್ಲ. 'ಕನ್ನಡ ಪಾಪ್' ಎಂದು ಮೇಲೆ ಅಚ್ಚು ಹಾಕಿತ್ತು. ಹಾಗೆಂದರೇನು ಎಂದು ಸಾಹುಕಾರರು ನನ್ನನ್ನು ಕೇಳಿದಾಗ, ಪಾಪಕ್ಕೆ ಸಂಬಂಧಿಸಿದ್ದಂತೂ ಅಲ್ಲ ಎಂದು ನನಗೆ ತಿಳಿದಷ್ಟು ಭರವಸೆ ಕೊಟ್ಟಿದ್ದೆ.

ಅದರಲ್ಲಿ ಲಾಸ್ಟ್ ಬಸ್ ತಪ್ಪಿಸಿಕೊಂಡ ಹುಡುಗಿಯದೊಂದು ಹಾಡು. ಆ ವರ್ಷ ಅದು ಎಲ್ಲೆಲ್ಲಿ ಕೇಳಿಸಿತು ಎನ್ನುವುದಕ್ಕಿಂತ ಎಲ್ಲಿ ಕೇಳಿಸಲಿಲ್ಲ ಎಂದು ಹೇಳುವುದು ಸುಲಭ. ಆಲೂರಿನ ಹೋಟೆಲುಗಳಲ್ಲಿ ಇಡ್ಲಿಯ ಜೊತೆ ಅದೂ ಬರುತ್ತಿತ್ತು. ಯಸಳೂರಿನಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನ ಡ್ರೈವರ್ ಅದನ್ನು ಹಾಕಿಕೊಂಡು ಎಂಥ ಲಹರಿಗೆ ಬರುತ್ತಿದ್ದನೆಂದರೆ, ಕೈ ಅಡ್ಡ ಹಾಕಿದವರನ್ನು ಹತ್ತಿಸಿಕೊಳ್ಳುವುದನ್ನೇ ಮರೆತು ಹೋಗಿಬಿಡುತ್ತಿದ್ದ. ಬಸ್ ತಪ್ಪಿದ ಹಾಡಿನ ದೆಸೆಯಿಂದ ನಿಜವಾಗಿಯೇ ಹಲವರಿಗೆ ಬಸ್ ತಪ್ಪಿತು.

ಇಡೀ ತಾಲ್ಲೂಕು ಮೆಚ್ಚಿದ ಹಾಡಿಗೆ ಮೆಚ್ಚುಗೆ ಸೂಚಿಸದೆ ಉಳಿದವರು ಸಾಹುಕಾರರು ಒಬ್ಬರೇ. ಹುಡುಗಿ ಊರಿಗೆ ಬಂದಾಗ ಕ್ಯಾಸೆಟ್ ಪೂರಾ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೇಳಿ, ಕೊನೆಗೆ ಕಾಫಿಪುಡಿ ಕೊಳ್ಳಲು ಅಂಗಡಿಗೆ ಹೋದವರಂತೆ ಕೇಳಿದರು:

"ಚೆನ್ನಾಗೈತೆ ಕಣಮ್ಮ. ಇದ್ರಲ್ಲಿ ನೀನೆಷ್ಟು, ಚಿಕೋರಿ ಎಷ್ಟು?"

ಕಾಫಿಪುಡಿಗೆ ಬೆರೆಸುವ ಚಿಕೋರಿ ಎಂದು ಅವರು ಕರೆದದ್ದು ಮಿಶಿನ್ನುಗಳ ಸದ್ದನ್ನು. ಅವರಿಗೆ ಅದು ತಮಾಷೆ. ಹುಡುಗಿ ನಕ್ಕಳು, ಆದರೆ ಲೋಟವನ್ನು ಕೆಳಗಿಟ್ಟ ಸದ್ದು ಸ್ವಲ್ಪ ಜೋರಾಗಿತ್ತು. ಆಮೇಲೆ ನನ್ನ ಹತ್ತಿರ ಅಂದಳು: "ರೈಟರ್ ಮಾಮ, ಅಪ್ಪ ಕೇಳಿದ್ದಕ್ಕೆ ನನಗೇ ಉತ್ತರ ಗೊತ್ತಿಲ್ಲ ಕಣಿ. ಸ್ಟುಡಿಯೋಲಿ ಹಾಡಿದ್ದು, ತುಂಡು ತುಂಡಾಗಿ. ಜೋಡಿಸಿದ್ದು ಅವ್ರು."

ಆ ಹೊತ್ತಿಗೆ ಹಾಡು ಕಡಲನ್ನೂ ದಾಟಿತ್ತು. ಮಸ್ಕತ್ತಿನ ಕನ್ನಡಿಗರ ಕೂಟವೊಂದು ಯುಗಾದಿಗೆ ಬಂದು ಹಾಡಬೇಕೆಂದು ಕರೆಯಿತು. ಬಹರೇನಿನವರೂ ದುಬೈಯವರೂ ಆಸೆ ತೋರಿಸಿದರು, ಆದರೆ ಮೊದಲು ಮಸ್ಕತ್ತಿಗೆ ತಮ್ಮ ಜನ ಬಂದು ನೋಡುತ್ತಾರೆ, ಒಪ್ಪಿಗೆಯಾದರೆ ಮುಂದಿನ ಮಾತು ಎಂದರು. ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣಲಿಲ್ಲ. ಆದರೂ ಸಕಲೇಶಪುರದ ಬಸ್‌ಸ್ಟ್ಯಾಂಡಿನ ಎದುರು 'ಅಂತರರಾಷ್ಟ್ರೀಯ ಸಂಗೀತ ಯಾತ್ರೆ' ಎಂದು ಬಟ್ಟೆಯ ಬ್ಯಾನರ್ ಏರಿತು. ಅದರಲ್ಲಿ ನನ್ನ ಹುದ್ದೆಯನ್ನು 'ಪ್ರವಾಸ ವ್ಯವಸ್ಥಾಪಕರು' ಎಂದು ಬರೆದಿದ್ದರು. ಬಸ್ಸಿಗೆ ಕಾಯುವ ನೆಪದಲ್ಲಿ ನಾನು ಅದನ್ನು ಕೆಲವು ಸಲ ಓದಿದೆ.

ತಾಲೀಮು ನಡೆದದ್ದು ನಮ್ಮ ಸ್ಟೋರಿನಲ್ಲಿ. ಕಾಫಿಯೆಲ್ಲ ಕ್ಯೂರಿಂಗ್ ಕಾರ್ಖಾನೆಗೆ ಹೋಗಿ, ತಗಡಿನ ಸೂರಿನ ಆ ದೊಡ್ಡ ಕಟ್ಟಡ ಖಾಲಿಯಿತ್ತು. ಒಂದು ಮೂಲೆಯಲ್ಲಿ ಹೆಂಗಸರು ಕಾಳುಮೆಣಸು ಹಸನು ಮಾಡುತ್ತಿದ್ದರು, ಅಷ್ಟೆ. ಬೆಂಗಳೂರಿನಿಂದ ಬಂದ ಕೀಬೋರ್ಡಿನವರು ಒಂದು ಚಪ್ಪಾಳೆ ತಟ್ಟಿ, ಕಿವಿಗೊಟ್ಟು, "ಎಕೋ ಜಾಸ್ತಿ" ಎಂದರು. ನಾನು ಗೋಡೆಗೆಲ್ಲ ಗೋಣಿಚೀಲ ತೂಗುಬಿಡಿಸಿದೆ. ಮತ್ತೆ ಚಪ್ಪಾಳೆ ತಟ್ಟಿ, "ಬೆಂಗಳೂರಿನ ಸ್ಟುಡಿಯೋಗಿಂತ ಚೆನ್ನಾಗಾಯ್ತು" ಎಂದರು. ಗೋಣಿಚೀಲದ ಈ ಸಾಂಸ್ಕೃತಿಕ ಉಪಯೋಗ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕೆಲಸದ ವಿಧಾನ ಹೀಗಿತ್ತು. ಕೀಬೋರ್ಡಿನವರ ಹತ್ತಿರ ಚಪ್ಪಟೆಯಾದ ಪುಟ್ಟ ಡಿಸ್ಕುಗಳ ಒಂದು ಡಬ್ಬಿ. ಕ್ಯಾಸೆಟ್ಟಿನ ಹಾಡುಗಳೇ ಅವು, ಆದರೆ ಹುಡುಗಿಯ ದನಿಯನ್ನು ಮಾತ್ರ ತೆಗೆದಿದ್ದರು. ಕಾಫಿಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಬೀಜ ತೆಗೆದು ಸಿಪ್ಪೆ ಇಟ್ಟುಕೊಂಡ ಹಾಗೆ. ಡ್ರಮ್ಮು, ಗಿಟಾರು, ಪಿಟೀಲು ಎಲ್ಲ ಆ ಸಿಪ್ಪೆಯೊಳಗೇ ಇದ್ದವು. ಅದನ್ನು 'ಟ್ರ್ಯಾಕ್' ಎನ್ನುತ್ತಿದ್ದರು. ಟ್ರ್ಯಾಕ್ ಶುರುವಾಗುವ ಮುಂಚೆ 'ಟಿಕ್ ಟಿಕ್' ಎಂದು ಎಣಿಕೆ ಬರುತ್ತದೆ. ಹುಡುಗಿ ಅದನ್ನು ಕಿವಿಯ ಯಂತ್ರದಲ್ಲಿ ಕೇಳಿಕೊಂಡು, ಸರಿಯಾದ ಜಾಗದಲ್ಲಿ ಬಾಯಿ ತೆರೆಯಬೇಕು. ಚಲಿಸುವ ಬಸ್ಸಿಗೆ ಹತ್ತಿದ ಹಾಗೆ. ತಪ್ಪಿದರೆ ಟ್ರ್ಯಾಕ್ ಕಾಯುವುದಿಲ್ಲ.

ಜೊತೆಗೆ ಒಬ್ಬರು ತಬಲಾದವರು. ಕುಂದೂರಿನವರು, ಭಜನೆ ಮತ್ತು ನಾಟಕಗಳಿಗೆ ಬಾರಿಸಿ ಬೆರಳು ಗಟ್ಟಿಮಾಡಿಕೊಂಡವರು. ಟ್ರ್ಯಾಕಿನಲ್ಲಿ ತಾಳ ಮೊದಲೇ ತುಂಬಿದ್ದರಿಂದ ಇವರ ತಬಲ ಕೇಳಿಸುವ ಅಗತ್ಯವೇ ಇರಲಿಲ್ಲ. ವೇದಿಕೆಯ ಮೇಲೆ ಒಂದಿಷ್ಟು ಜನ ಕಾಣಬೇಕಲ್ಲ, ಅದಕ್ಕೆ.

"ಅಲ್ಲ ಕಣ್ರೀ ರೈಟ್ರೇ, ನಾನು ಬಾರ್ಸಿದ್ರೂ ಒಂದೇ, ಬಾರಿಸ್ದೇ ಇದ್ರೂ ಒಂದೇ ಅಂದ್ರೆ ನಾನ್ಯಾಕೆ ಬರ್ಬೇಕು?" ಎಂದು ಅವರು ಒಂದು ದಿನ ಕೇಳಿದರು. ನಾನು ಉತ್ತರ ಹುಡುಕುವುದರೊಳಗೆ ಅವರೇ "ವಿಮಾನಕ್ಕೆ" ಎಂದು ಸಮಾಧಾನ ಹೇಳಿಕೊಂಡರು.

ಈ ವ್ಯವಸ್ಥೆಗೆ ಇದ್ದ ಒಂದೇ ಶತ್ರು ಕರೆಂಟು. ಆ ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಬರುತ್ತಿತ್ತು ಎನ್ನುವುದಕ್ಕಿಂತ ಆಗಾಗ ಬಂದು ಮಾತಾಡಿಸಿಕೊಂಡು ಹೋಗುತ್ತಿತ್ತು ಎನ್ನಬಹುದು. ಡ್ರಮ್ಮು, ಗಿಟಾರು, ಪಿಟೀಲು ಎಲ್ಲ ಒಟ್ಟಿಗೇ ಸತ್ತುಹೋಗುತ್ತಿದ್ದವು. ಸಾಹುಕಾರರು ಅಂಗಳಕ್ಕೆ ಬಂದು ಕರೆಂಟ್ ಆಫೀಸಿನವರ ವಂಶವನ್ನು ಮೇಲಿನಿಂದ ಕೆಳಗಿನವರೆಗೆ ಸ್ಮರಿಸುತ್ತಿದ್ದರು. ಇದು ಅವರ ಜೀವನದ ದೊಡ್ಡ ವ್ಯಾಜ್ಯ; ಅವರು ಬರೆದ ಅರ್ಜಿಗಳನ್ನೆಲ್ಲ ನಾನೇ ಟೈಪು ಮಾಡಿದ್ದೇನೆ.

ಒಳಗೆ ಮಾತ್ರ ಹುಡುಗಿ ನಿಲ್ಲಿಸುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟರೆ ಗಂಟಲು ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದಳು. ತಬಲಾದವರು ಕೂಡಲೇ ಅಂಗಿಯ ತೋಳು ಮಡಿಸಿ ಬಾರಿಸಲು ಶುರುಮಾಡುತ್ತಿದ್ದರು. ಕೀಬೋರ್ಡಿನವರು ಸುಮ್ಮನೆ ಕೂರಲಾರದೆ, ಸಾಹುಕಾರರ ತಾಯಿಯ ಕಾಲದ ಹಾರ್ಮೋನಿಯಂ ಎಳೆದುಕೊಳ್ಳುತ್ತಿದ್ದರು. ಮೆಣಸು ಹಸನು ಮಾಡುತ್ತಿದ್ದ ಹೆಂಗಸರು ಮೊರದ ಕೈ ನಿಲ್ಲಿಸಿ, "ಈಗ ಕೇಳುಸ್ತು ಕಣವ್ವ ನಿನ್ ದನಿ. ಕರೆಂಟ್ ಇದ್ದಾಗ ಬರೀ ಗಲಾಟೆ" ಎನ್ನುತ್ತಿದ್ದರು. ನಾನು ಮಾತ್ರ ಗಡಿಯಾರ ನೋಡಿಕೊಂಡು, ತಾಲೀಮಿನ ಅಮೂಲ್ಯ ವೇಳೆ ಹೀಗೆ ಹಾಳಾಗುತ್ತಿದೆಯಲ್ಲ ಎಂದು ವ್ಯವಸ್ಥಾಪಕನಿಗೆ ತಕ್ಕಂತೆ ಮರುಗುತ್ತಿದ್ದೆ.

ತಾಲೀಮು ಮುಗಿದು ಕೀಬೋರ್ಡಿನವರು ಬೆಂಗಳೂರಿಗೆ ಹೊರಟಾಗ ಡಿಸ್ಕುಗಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಹುಡುಗಿ ಇನ್ನೂ ಕೆಲವು ದಿನ ಅಲ್ಲೇ ಹಾಡಿಕೊಳ್ಳಬೇಕಾಗಿತ್ತು. ಡಿಸ್ಕುಗಳಿಗೆ ಥಂಡಿ ತಾಗಬಾರದು ಎಂದರು. ಎಸ್ಟೇಟಿನಲ್ಲಿ ಅತ್ಯಂತ ಒಣಗಿದ ಜಾಗವೆಂದರೆ ಕಾಫಿ ಸ್ಯಾಂಪಲ್ ಇಡುವ ತಗಡಿನ ಪೆಟ್ಟಿಗೆ. ದಿನಾ ತಾಲೀಮು ಮುಗಿದ ಮೇಲೆ ಅದರಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಇಷ್ಟರಲ್ಲಿ ಹೂಮಳೆ ಬಂತು. ಕಾಫಿ ಬೆಳೆಯದವರಿಗಾಗಿ ಒಂದು ಮಾತು. ಬೇಸಿಗೆಯ ಮೊದಲ ಮಳೆಗೆ ಗಿಡ ಹೂ ಬಿಡುತ್ತದೆ, ಬೆಟ್ಟವೆಲ್ಲ ಬೆಳ್ಳಗಾಗುತ್ತದೆ. ಅಷ್ಟಕ್ಕೇ ಹಿಗ್ಗಿದವನು ಹೊಸಬ. ಹೂ ಉದುರಿದ ಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ, ಬಾರದಿದ್ದರೆ ಅಷ್ಟೂ ಕರಟಿಹೋಗುತ್ತದೆ. ಈ ಎರಡನೆಯ ಮಳೆಗೆ ನಮ್ಮಲ್ಲಿ ದೊಡ್ಡ ಸಾಹುಕಾರರಿಂದ ಹಿಡಿದು ತುಂಡು ತೋಟದವನವರೆಗೆ ಎಲ್ಲರೂ ಹೇಳುವುದು 'ಬ್ಯಾಕಿಂಗ್'. ಆ ದಿನಗಳಲ್ಲಿ ಸಕಲೇಶಪುರದ ಪೇಟೆಯಲ್ಲಿ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ಬ್ಯಾಕಿಂಗ್ ಆಯ್ತಾ ಎಂದು ಕೇಳುತ್ತಾರೆ.

ಹೊರಡುವ ಹಿಂದಿನ ದಿನ ಬೆಂಗಳೂರಿನಿಂದ ಕೀಬೋರ್ಡಿನವರ ಫೋನು. ಬಿಸಲೆ ಘಾಟಿನ ಕಡೆ ಒಂದು ಮೋಡ ಕಂಡರೂ ಗೊರಗೊರ ಎನ್ನುವ ಫೋನು ನಮ್ಮದು.

"ರೈಟರೇ, ಬ್ಯಾಕಿಂಗ್ ರೆಡಿನಾ?" ಎಂದರು.

ಬೆಂಗಳೂರಿನವನೊಬ್ಬ ನಮ್ಮ ಮಳೆಯನ್ನು ವಿಚಾರಿಸಿದನಲ್ಲ ಎಂದು ನನಗೆ ಎದೆ ತುಂಬಿ ಬಂತು. "ಇನ್ನೂ ಇಲ್ಲ ಸ್ವಾಮಿ. ಹೊಂಗಡಹಳ್ಳದಲ್ಲಿ ಆಗೈತಂತೆ" ಎಂದೆ.

"ಹೊಂಗಡಹಳ್ಳದಲ್ಲಿದ್ಯಾ? ಅಯ್ಯೋ, ಅದಿಲ್ದೆ ಇದ್ರೆ ಎಲ್ಲಾ ವೇಸ್ಟ್ ಆಗೋಗುತ್ತೆ ಸಾರ್!"

"ಅದನ್ನೇ ನಾವೂ ಹೇಳ್ತಿರೋದು. ಇಷ್ಟು ಹೂ ಬಂದು ಏನು ಪ್ರಯೋಜನ."

ಅವರಿಗೆ ಏನು ಕೇಳಿಸಿತೋ. "ನೀವು ತರ್ತೀರಲ್ಲ?" ಎಂದು ಕೂಗಿದರು.

"ತರೋದು ನಮ್ಮ ಕೈಲೈತಾ? ಮೇಲಿನವರು ತರ್ಬೇಕು."

"ಓ, ಮೇಲಿನವರು ತರ್ತಾರಾ? ಸರಿ, ಸರಿ. ಹಾಗಾದ್ರೆ ಚಿಂತೆ ಇಲ್ಲ" ಎಂದು ಫೋನಿಟ್ಟರು.

ಭಗವಂತನ ಮೇಲೆ ಅವರಿಗಿದ್ದ ಈ ನಂಬಿಕೆ ನನಗೆ ಬಹಳ ಹಿಡಿಸಿತು. ಕೀಬೋರ್ಡ್ ಬಾರಿಸುವವರಲ್ಲೂ ಆಸ್ತಿಕರಿದ್ದಾರೆ ಎಂದು ರಾತ್ರಿ ಊಟಕ್ಕೆ ಕೂತಾಗ ಸಾಹುಕಾರರಿಗೆ ಹೇಳಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾನು ಪದ್ಧತಿಯಂತೆ ಹಾಜರಿ ಕೂಗಿದೆ. ಒಟ್ಟು ನಾಲ್ಕು ಜನರ ಹಾಜರಿ ಕೂಗುವುದನ್ನು ಕಂಡು ಪೊಲೀಸಿನವನೊಬ್ಬ ನಿಂತು ನೋಡಿದ. ಹುಡುಗಿ ತಲೆ ತಗ್ಗಿಸಿಕೊಂಡು "ಬಂದೆ" ಎಂದಳು, ತಬಲಾದವರು ಮಾತ್ರ ಹುಮ್ಮಸ್ಸಿನಿಂದ "ಹಾಜರ್" ಎಂದರು. ಕೀಬೋರ್ಡಿನವರು ಸಾಹುಕಾರರ ಕಡೆ ನೋಡಿ "ಎಲ್ಲಾ ಬಂತಲ್ಲ ಸಾರ್?" ಎಂದು ಕೇಳಿದರು. ಮಗಳನ್ನು ಕಳಿಸಿಕೊಡಲು ಬಂದು ಕಣ್ಣು ಎಲ್ಲೆಲ್ಲೋ ಇದ್ದ ಸಾಹುಕಾರರು "ಎಲ್ಲಾ ಬಂತು" ಎಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಹಾಡೋ ಹೊತ್ತಿಗೆ ಒಂದು ಫೋನ್ ಮಾಡಿ ಮಾರಾಯ, ಕೇಳಣ. ಅವಳಿಗೆ ಹೇಳ್ಬೇಡಿ" ಎಂದರು.

ಮಸ್ಕತ್ತಿನಲ್ಲಿ ನನ್ನ ಮೊದಲ ಯುದ್ಧ ಏಸಿಯ ಜೊತೆ. ಗಾಯಕರ ಗಂಟಲಿಗೆ ಅದು ಪರಮ ವೈರಿ ಎಂದು ಯಾರೋ ಹೇಳಿದ್ದರು. ಹುಡುಗಿಯ ಕೋಣೆಯಲ್ಲಿ ನಾನು ಆರಿಸಿ ಬರುತ್ತಿದ್ದೆ, ಹೋಟೆಲಿನವನು ಹಾಕಿ ಬರುತ್ತಿದ್ದ. ಊರಿನ ಕಾಳುಮೆಣಸಿನ ಪುಡಿ ಹಾಕಿದ ಬಿಸಿನೀರಿನ ಫ್ಲಾಸ್ಕನ್ನು ಅವಳು ಹೋದಲ್ಲೆಲ್ಲ ಹಿಡಿದುಕೊಂಡು ಹಿಂಬಾಲಿಸುತ್ತಿದ್ದೆ.

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಸಭಾಂಗಣದಲ್ಲಿ ಸೌಂಡ್ ಚೆಕ್. ಮೈಕುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವು ಕೀಂಯ್ ಎಂದು ಕೂಗುವ ಕಡೆ ಸದ್ದು ತಗ್ಗಿಸಿ, ಎಲ್ಲ ಸಿದ್ಧವಾದ ಮೇಲೆ ಅಲ್ಲಿಯ ಸೌಂಡಿನವನು ಇಂಗ್ಲಿಷಿನಲ್ಲಿ ಏನೋ ಕೇಳಿ ಕೈ ಚಾಚಿದ. ನನಗೆ ತಿಳಿದದ್ದು ಒಂದೇ ಮಾತು, 'ಬ್ಯಾಕಿಂಗ್'.

ಮರಳುಗಾಡಿನವನೂ ಮಳೆ ಕೇಳುತ್ತಾನಲ್ಲ ಎಂದು ನಾನು ಆಶ್ಚರ್ಯಪಡುವುದರೊಳಗೆ ಕೀಬೋರ್ಡಿನವರು ನನ್ನ ಕಡೆ ತಿರುಗಿ, "ಕೊಡಿ ಸಾರ್" ಎಂದರು.

"ಏನನ್ನ?"

"ಬ್ಯಾಕಿಂಗು. ಡಿಸ್ಕು. ಟ್ರ್ಯಾಕು!"

"ಟ್ರ್ಯಾಕ್ ಅಂತ ಹೇಳ್ಬೇಕಪ್ಪ! ಅದು ಸ್ಯಾಂಪಲ್ ಪೆಟ್ಟಿಗೇಲೈತೆ. ನೀವು ಕೇಳಿದ್ದು ಬ್ಯಾಕಿಂಗು!"

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಈ ಮಸ್ಕತ್ತಿನ ಸೌಂಡಿನವನ ಜೊತೆ ಪತ್ರ ವ್ಯವಹಾರ ಮಾಡುತ್ತ ಮಾಡುತ್ತ ಅವರು ಟ್ರ್ಯಾಕಿಗೆ ಬ್ಯಾಕಿಂಗ್ ಎನ್ನಲು ಶುರುಮಾಡಿದ್ದರಂತೆ. ನಾವು ವಿಮಾನ ಹತ್ತುವ ಮೊದಲೇ ಅವರ ಮಾತು ಹತ್ತಿಬಿಟ್ಟಿತ್ತು.

"ಹೊಂಗಡಹಳ್ಳದಲ್ಲಿದೆ ಅಂದ್ರಿ! ಮೇಲಿನವರು ತರ್ತಾರೆ ಅಂದ್ರಿ! ನಾನು ನಿಮ್ಮ ಸಾಹುಕಾರ್ರು ಅಂದ್ಕೊಂಡೆ!" ಎಂದು ಅವರು ತಲೆ ಹಿಡಿದುಕೊಂಡರು.

"ಮಳೆ ತರೋಷ್ಟು ಮೇಲಿನವರಲ್ಲ ನಮ್ಮ ಸಾಹುಕಾರ್ರು" ಎಂದೆ. ಅದು ಹಾಸ್ಯದ ಹೊತ್ತಲ್ಲವೆಂದು ತಬಲಾದವರು ನನ್ನ ತೋಳು ಚಿವುಟಿದರು. ಬ್ಯಾಕಿಂಗ್ ಎಂದರೆ ಮಳೆಯೇ ಎಂಬ ನನ್ನ ನಿಲುವಿನಲ್ಲಿ ಇಂದಿಗೂ ಬದಲಾವಣೆಯಿಲ್ಲ.

ಡಿಸ್ಕುಗಳನ್ನು ಮರುದಿನ ಸಂಜೆಯೊಳಗೆ ಅಲ್ಲಿಂದ ಇಲ್ಲಿಗೆ ತರಿಸುವ ದಾರಿ ಇರಲಿಲ್ಲ. ನಮ್ಮನ್ನು ಕರೆಸಿದ ಆಯೋಜಕರು, ಮೂಲತಃ ಹಾಸನದ ಕಡೆಯವರು, ಬೆವರು ಒರೆಸಿಕೊಳ್ಳುತ್ತ ಬಂದರು. ಬಹರೇನಿನವರೂ ದುಬೈಯವರೂ ಆಗಲೇ ಬಂದು ಇಳಿದಿದ್ದರು. ಟ್ರ್ಯಾಕ್ ಇಲ್ಲದೆ ಒಂದು ಹಾಡು ಪ್ರಯತ್ನಿಸಿದರು. 'ಟಿಕ್ ಟಿಕ್' ಇಲ್ಲದೆ ಹುಡುಗಿ ಒಮ್ಮೆ ಬೇಗ ಹಿಡಿದಳು, ಒಮ್ಮೆ ತಡಮಾಡಿದಳು. ಮೂರನೆಯ ಸಲ ಹಾಡಲೇ ಇಲ್ಲ.

ಆಗ ಕೀಬೋರ್ಡಿನವರು ಮೆಲ್ಲಗೆ ಒಂದು ಉಪಾಯ ಹೇಳಿದರು. ಕ್ಯಾಸೆಟ್ ಮಸ್ಕತ್ತಿನ ಪ್ರತಿ ಕನ್ನಡಿಗರ ಮನೆಯಲ್ಲೂ ಇದೆ. ಅದನ್ನೇ ದೊಡ್ಡದಾಗಿ ಹಾಕುವುದು. ಹುಡುಗಿ ಮೈಕ್ ಹಿಡಿದು ಬಾಯಿ ಆಡಿಸುವುದು. "ದೊಡ್ಡ ದೊಡ್ಡವರೇ ಮಾಡ್ತಾರೆ ಕಣಮ್ಮ. ಯಾರಿಗೂ ಗೊತ್ತಾಗಲ್ಲ."

ಆಯೋಜಕರಿಗೆ ಹೋದ ಜೀವ ಬಂದಂತಾಯಿತು. "ಬೆಸ್ಟ್! ನನ್ನ ಕಾರಲ್ಲೇ ಐತೆ ಕ್ಯಾಸೆಟ್ಟು" ಎಂದು ಓಡಿದರು.

ಹುಡುಗಿ ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ಮೆಣಸಿನ ನೀರು ಕುಡಿದಳು. ಆಮೇಲೆ, "ಮಾಮ, ಅಪ್ಪ ಹೇಳಿದ್ದು ನಿಜ ಆಗೋಯ್ತಲ್ಲ. ಪೂರಾ ಚಿಕೋರಿ" ಎಂದಳು.

ನಲವತ್ತು ಜನ ಆಳುಗಳ ಜಗಳ ಬಿಡಿಸಿದ ಬಾಯಿ ನನ್ನದು. ಆ ಹೊತ್ತಿಗೆ ಅದರಿಂದ ಹೊರಟದ್ದು ಇಷ್ಟೇ: ಊರಿಗೊಂದು ಫೋನ್ ಮಾಡೋಣ, ಪೆಟ್ಟಿಗೆ ಅಲ್ಲೇ ಇದೆಯಾ ಎಂದಾದರೂ ನೋಡಿಸೋಣ ಎಂದೆ. ಅದರಿಂದ ಏನು ಪ್ರಯೋಜನ ಎಂದು ಯಾರೂ ಕೇಳಲಿಲ್ಲ. ಆಯೋಜಕರ ಮೊಬೈಲಿನಿಂದ ಹಚ್ಚಿದರು. ನಾನು ಕಿವಿಗಿಟ್ಟರೆ ಸಿಡಿಲಿನಂಥ ಗೊರಗೊರ, ಅದರ ಮೇಲೆ ಸಾಹುಕಾರರ ದನಿ.

"ಸಾಹುಕಾರ್ರೇ, ಒಂದು ಎಡವಟ್ಟಾಗ್ಬುಟ್ಟೈತೆ. ಬ್ಯಾಕಿಂಗ್..."

"ಬಂತು ಕಣ್ರೀ!" ಎಂದು ಅವರು ಕೂಗಿದ್ದು ಹತ್ತಿರ ನಿಂತವರಿಗೆಲ್ಲ ಕೇಳಿಸಿತು. "ಈಗ್ಲೇ ಬಂತು! ಎಂಥ ಬ್ಯಾಕಿಂಗ್ ಮಾರಾಯ! ಒಂದು ಕಾಯೀನೂ ಉದ್ರಲ್ಲ ಇನ್ಮೇಲೆ! ನಿಮ್ಗೆ ಅಲ್ಲಿ ಹೆಂಗೆ ಗೊತ್ತಾಯ್ತು?"

"ಅದಲ್ಲ ಸಾಹುಕಾರ್ರೇ, ನಮ್ದು ಬ್ಯಾಕಿಂಗ್ ಇಲ್ಲ ಇಲ್ಲಿ..."

"ಮಸ್ಕತ್ತಲ್ಲಿ ಎಲ್ಲಿಂದ ಬರ್ಬೇಕು ಬ್ಯಾಕಿಂಗು! ತಲೆ ಕೆಟ್ಟೈತಾ? ಮಗೀಗೆ ಕೊಡಿ, ಕೇಳುಸ್ತೀನಿ."

ಹುಡುಗಿಗೆ ಫೋನು ಕೊಟ್ಟೆ. ಅವರು ರಿಸೀವರನ್ನು ಕಿಟಕಿಯ ಹೊರಗೆ ಹಿಡಿದಿರಬೇಕು. ಸ್ಟೋರಿನ ತಗಡಿನ ಮೇಲೆ ಮಳೆ ಬೀಳುತ್ತಿದ್ದ ಸದ್ದು ನನಗೂ ಕೇಳಿಸಿತು. ಅವಳು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಕಿಸಕ್ಕನೆ ನಕ್ಕಳು. ನಕ್ಕವಳು ನಿಲ್ಲಿಸಲಾರದೆ ಅಲ್ಲೇ ಸ್ಪೀಕರಿನ ಮೇಲೆ ಕೂತಳು.

"ಅಪ್ಪ, ಕರೆಂಟ್ ಐತಾ?" ಎಂದು ಕೇಳಿದಳು.

"ಮಳೆ ಬಂದ್ಮೇಲೆ ಕರೆಂಟೆಲ್ಲಿ! ಆ ಬಡ್ಡೀಮಕ್ಳು..." ಎಂದು ಸಾಹುಕಾರರು ಪದ್ಧತಿಯ ಸ್ತೋತ್ರ ಶುರುಮಾಡುವುದರೊಳಗೆ ಲೈನು ಕಡಿದುಹೋಯಿತು.

ಹುಡುಗಿ ಫೋನು ಹಿಂದಿರುಗಿಸಿ ಎದ್ದು ನಿಂತಳು. ಅಷ್ಟರಲ್ಲಿ ಆಯೋಜಕರು ಕಾರಿನಿಂದ ಕ್ಯಾಸೆಟ್ ತಂದಿದ್ದರು. ಅದನ್ನು ಅವರ ಕೈಯಿಂದ ತೆಗೆದುಕೊಂಡು ಅವರ ಅಂಗಿಯ ಜೇಬಿಗೇ ಹಾಕಿದಳು. "ಇದು ಬೇಡ ಅಂಕಲ್. ಇಲ್ಲಿ ಯಾರ ಮನೇಲಾದ್ರೂ ಹಾರ್ಮೋನಿಯಂ ಐತಾ?"

"ನಮ್ಮ ಮನೆಯವರ ಭಜನೆ ಗುಂಪಲ್ಲಿ ಒಂದೈತೆ. ಯಾಕಮ್ಮ?"

"ಕರೆಂಟ್ ಹೋಯ್ತು ಅಂದ್ಕೊಳ್ಳಣ."

ಆಯೋಜಕರಿಗೆ ಅರ್ಥವಾಗಲಿಲ್ಲ. ನಮ್ಮ ಮೂವರಿಗೆ ಆಯಿತು. ನಾನು ಗಡಿಯಾರ ನೋಡಿ ಮರುಗಿದ ಅಷ್ಟೂ ಹೊತ್ತು ಅವಳು ಟ್ರ್ಯಾಕ್ ಇಲ್ಲದೆಯೇ ಹಾಡಿದ್ದಳು. ಲೆಕ್ಕ ಹಾಕಿದರೆ ಟ್ರ್ಯಾಕಿನ ಜೊತೆ ಹಾಡಿದ್ದೇ ಕಡಿಮೆ. ತಬಲಾದವರು ಆಗಲೇ ತೋಳು ಮಡಿಸುತ್ತಿದ್ದರು. ಕೀಬೋರ್ಡಿನವರು ಮಾತ್ರ ಬಿಳಿಚಿಕೊಂಡು, "ಅದು ಸ್ಟೋರು ಕಣಮ್ಮ, ಇದು ಮಸ್ಕತ್" ಎಂದರು.

"ಗೋಣಿಚೀಲ ಇಲ್ಲ, ಅಷ್ಟೇ ತಾನೆ?" ಎಂದಳು ಹುಡುಗಿ.

ಆ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಆಯೋಜಕರ ಮನೆಯ ಹಜಾರವೇ ನಮ್ಮ ಸ್ಟೋರು. ಹಾರ್ಮೋನಿಯಂ ಬಂತು. ಅದರ ಒಂದು ಸ್ವರದ ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ. ಕೀಬೋರ್ಡಿನವರು ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದರು. ಟ್ರ್ಯಾಕಿನಲ್ಲಿ ಶ್ರುತಿ ಮೊದಲೇ ಕಟ್ಟಿಬಿಟ್ಟಿರುತ್ತದೆ. ಈಗ ಅವಳ ಗಂಟಲಿಗೆ ಎಷ್ಟು ಸರಿಯೋ ಅಷ್ಟಕ್ಕೆ ಇಳಿಸಿದರು. ನಡುವೆ ಪಿಟೀಲು ಬರುವ ಜಾಗದಲ್ಲಿ ಏನು ಮಾಡುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ತಬಲಾದವರು ನಾಟಕದ ದಿನಗಳ ಒಂದು ಮುಕ್ತಾಯ ಹಾಕಿ ತೋರಿಸಿದರು. ಅದು ಹಾಡಿಗೆ ಒಗ್ಗಲಿಲ್ಲ, ತೆಗೆದರು. ಕೊನೆಗೆ ಅಲ್ಲಿ ಏನೂ ಬೇಡ, ಬಸ್ ಹೋದ ಮೇಲೆ ರಸ್ತೆ ಖಾಲಿಯಿರುತ್ತದಲ್ಲ, ಹಾಗೇ ಬಿಡೋಣ ಎಂದಳು ಹುಡುಗಿ. ಕೀಬೋರ್ಡಿನವರು ಹಾರ್ಮೋನಿಯಂನಿಂದ ಕೈ ತೆಗೆದು, "ಇದು ರೆಕಾರ್ಡಿಂಗಿನಲ್ಲೇ ಹೊಳೀಬೇಕಿತ್ತು" ಎಂದರು. ಅಲ್ಲಿಂದ ಮುಂದೆ ಅವರ ಮುಖಕ್ಕೆ ಬಣ್ಣ ಬಂತು.

ಸಂಜೆ ಸಭಾಂಗಣ ತುಂಬಿತ್ತು. ಮಂಗಳೂರು, ಉಡುಪಿ, ಮೈಸೂರು, ನಮ್ಮ ಕಡೆಯವರೂ ಒಂದಿಷ್ಟು. ಮುಂದಿನ ಸಾಲಿನಲ್ಲಿ ಬಹರೇನಿನವರೂ ದುಬೈಯವರೂ ಗಂಭೀರವಾಗಿ ಕೂತಿದ್ದರು. ನಾನು ವೇದಿಕೆಯ ಪಕ್ಕದ ಪರದೆಯ ಹಿಂದೆ, ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಆಯೋಜಕರ ಮೊಬೈಲು.

ಹುಡುಗಿ ಮೈಕಿನ ಮುಂದೆ ಬಂದು ಕೈ ಮುಗಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. "ಕ್ಯಾಸೆಟ್ಟಲ್ಲಿ ನೀವು ಕೇಳಿದ ಡ್ರಮ್ಮು, ಗಿಟಾರು ಎಲ್ಲಾ ಸಕಲೇಶಪುರದ ಕಾಫಿ ಸ್ಟೋರಲ್ಲಿ ಒಂದು ಪೆಟ್ಟಿಗೇಲಿ ಮಲ್ಗವೆ. ತರೋಕೆ ಆಗ್ಲಿಲ್ಲ. ನಾನಿದೀನಿ, ತಬಲ ಐತೆ, ಹಾರ್ಮೋನಿಯಂ ಐತೆ. ನೀವು ಒಂದು ಕೆಲಸ ಮಾಡಿ. ಕರೆಂಟ್ ಹೋಗೈತೆ ಅಂದ್ಕೊಳ್ಳಿ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಕರೆಂಟ್ ಹೋದ್ಮೇಲೆ ಲೈಟ್ ಯಾಕಮ್ಮ ಉರೀತೈತೆ? ಆರ್ಸಿ ಅದ್ನ!"

ಆಯೋಜಕರು ನನ್ನ ಮುಖ ನೋಡಿದರು. ವ್ಯವಸ್ಥಾಪಕನ ಅಧಿಕಾರದಿಂದ ನಾನು ತಲೆಯಾಡಿಸಿದೆ. ಮೈಕಿಗೊಂದು ವಿನಾಯಿತಿ ಕೊಟ್ಟು ದೀಪಗಳನ್ನೆಲ್ಲ ಆರಿಸಿದರು. ಕತ್ತಲಾದ ಕೂಡಲೇ ಇಡೀ ಸಭೆ ಒಟ್ಟಿಗೆ "ಓ..." ಎಂದಿತು. ನಮ್ಮ ರಾಜ್ಯದಲ್ಲಿ ಹುಟ್ಟಿ ಬೆಳೆದವರಿಗೆ ಆ ಓಕಾರವನ್ನು ವಿವರಿಸಬೇಕಾಗಿಲ್ಲ. ಎಷ್ಟೋ ವರ್ಷದಿಂದ ಕರೆಂಟ್ ಹೋಗದ ಊರಿನಲ್ಲಿದ್ದು ಅವರೆಲ್ಲ ಅದನ್ನು ಗಂಟಲಲ್ಲೇ ಇಟ್ಟುಕೊಂಡಿದ್ದರು ಎಂದು ಕಾಣುತ್ತದೆ.

ಅದರ ನಗು ಇಳಿಯುವ ಹೊತ್ತಿಗೆ ಸರಿಯಾಗಿ ಹುಡುಗಿ ಲಾಸ್ಟ್ ಬಸ್ಸಿನ ಹಾಡು ಹಿಡಿದಳು. 'ಟಿಕ್ ಟಿಕ್' ಇರಲಿಲ್ಲ. ಎಲ್ಲಿ ಹಿಡಿದಳೋ ಅದೇ ಸರಿಯಾದ ಜಾಗವಾಯಿತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಹರೇನಿನವರೂ ದುಬೈಯವರೂ ಒಪ್ಪಿದರು. ಡಿಸ್ಕುಗಳು ಬೇರೆಯವರ ಕೈಯಲ್ಲಿ ಬಂದು ನಮ್ಮನ್ನು ಸೇರಿಕೊಂಡ ಮೇಲೆ ಉಳಿದ ಹಾಡುಗಳಿಗೆ ಟ್ರ್ಯಾಕ್ ಹಾಕಿದರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಬಸ್ಸಿನ ಹಾಡಿಗೆ ಮಾತ್ರ ಎಲ್ಲ ಕಡೆಯೂ ಕರೆಂಟ್ ತೆಗೆಸಿದೆವು. ತಬಲಾದವರಂತೂ ಕೊನೆಗೆ ತಾವೇ ವಿಮಾನ ನಡೆಸಿದವರಂತೆ ಊರಿಗೆ ಬಂದರು.

ಆದರೆ ನಾನು ಹೇಳಬೇಕಾದದ್ದು ಮಸ್ಕತ್ತಿನ ಕತ್ತಲೆಯಲ್ಲಿ ನನ್ನ ಕೈಯಲ್ಲಿದ್ದ ಫೋನಿನ ವಿಷಯ. ಹಾಡು ಶುರುವಾಗುತ್ತಿದ್ದ ಹಾಗೆ, ಕೊಟ್ಟ ಮಾತಿನಂತೆ ಊರಿಗೆ ಹಚ್ಚಿದ್ದೆ. ಒಂದೇ ರಿಂಗಿಗೆ ಸಾಹುಕಾರರು ಎತ್ತಿಕೊಂಡರು. ಪಕ್ಕದಲ್ಲೇ ಕೂತಿದ್ದರು ಎಂದು ಕಾಣುತ್ತದೆ. ನಾನು ಮಾತಾಡದೆ ಮೊಬೈಲನ್ನು ವೇದಿಕೆಯ ಕಡೆ ಚಾಚಿದೆ. ಸ್ವಲ್ಪ ಹೊತ್ತಾದ ಮೇಲೆ ಅದರೊಳಗಿಂದ ದನಿ ಬಂತು, ಕಿವಿಗಿಟ್ಟುಕೊಂಡೆ.

"ರೈಟ್ರೇ, ಮಿಶಿನ್ ಸದ್ದೇ ಕೇಳ್ತಿಲ್ವಲ್ಲ. ಚಿಕೋರಿ ಎಲ್ಲಿ?"

"ಇಲ್ಲ ಸಾಹುಕಾರ್ರೇ. ಇಲ್ಲಿ ಕರೆಂಟ್ ಹೋಗೈತೆ. ಬರೀ ಅವಳೇ."

ಅತ್ತ ಕಡೆಯಿಂದ ಮಾತಿಲ್ಲ. ಲೈನು ಕಡಿಯಿತೆಂದುಕೊಂಡು "ಹಲೋ" ಎಂದೆ.

"ಹಲೋ ಗಿಲೋ ಬೇಡ. ಫೋನ್ ಹಂಗೇ ಹಿಡ್ಕಂಡಿರಿ ಮಾರಾಯ" ಎಂದರು. ಮೂಗು ಕಟ್ಟಿದ ದನಿ.

ಹಿಡಿದುಕೊಂಡೆ. ಕೈ ಸೋತಾಗ ಫ್ಲಾಸ್ಕನ್ನು ಕೆಳಗಿಟ್ಟು ಇನ್ನೊಂದು ಕೈಗೆ ಬದಲಾಯಿಸಿದೆ. ಬಸ್ ಹೋದ ಮೇಲೆ ರಸ್ತೆ ಖಾಲಿಯಿರುವ ಜಾಗ ಬಂತು. ಯಾರೂ ಕೆಮ್ಮಲಿಲ್ಲ. ಅವಳು ಮತ್ತೆ ಎತ್ತಿಕೊಂಡಳು, ಹಾಡು ಮುಗಿಯಿತು. ಆಯೋಜಕರು ದೀಪ ಹಾಕಿಸಿದರು. ಕರೆಂಟ್ ಬಂದಾಗ ಕೂಗಬೇಕಾದ ಇನ್ನೊಂದು "ಓ..." ಇದೆಯಲ್ಲ, ಅದನ್ನೂ ಚಪ್ಪಾಳೆಯ ಜೊತೆ ಸೂರು ಹಾರುವಂತೆ ಕೂಗಿದರು.

"ಏನ್ರೀ ಅದು ಗಲಾಟೆ?" ಎಂದರು ಸಾಹುಕಾರರು ಫೋನಿನಲ್ಲಿ.

"ಕರೆಂಟ್ ಬಂತು ಸಾಹುಕಾರ್ರೇ."

ಜೀವಮಾನವಿಡೀ ಕರೆಂಟಿಗಾಗಿ ಅರ್ಜಿ ಬರೆಸಿದ ಮನುಷ್ಯ ಒಂದು ನಿಟ್ಟುಸಿರು ಬಿಟ್ಟು, "ಥೂ, ಇವ್ರ ಮನೆ ಹಾಳಾಗ" ಎಂದರು. "ಇನ್ನೊಂಚೂರು ಹೊತ್ತು ಹೋಗಿದ್ರೆ ಇವ್ರ ಗಂಟೇನು ಹೋಗ್ತಿತ್ತು?"